ಹೆಸರು ಹಿಡಿಯದ ಭಾನುವಾರ

ಬೆಳಗ್ಗೆಯಿಂದ ನೀಲಾಂಬಿಕೆ ನನ್ನ ಹೆಸರು ಒಂದು ಸಲವೂ ಎತ್ತಲಿಲ್ಲ.

"ಇಲ್ಲಿ ಕೂತ್ಕೋಬಹುದಾ?" ಅಂತಾಳೆ. "ಆ ಹುಟ್ಟು ಸ್ವಲ್ಪ ಆಚೆ ಸರಿಸಿದ್ರೆ ಆಗುತ್ತೆ" ಅಂತಾಳೆ. ದಾರೀಲಿ ಸಿಕ್ಕ ಯಾರ ಹತ್ರಾನೋ ಮಾತಾಡಿದಂಗೆ. ನಾಲ್ಕನೇ ಕ್ಲಾಸಿನ ತನಕ ಒಂದೇ ಬಳಪ ಮುರಿದು ಹಂಚಿಕೊಂಡೋರು ನಾವು. ಆಮೇಲೆ ಅವಳು ಓದಿ ಆಚೆ ದಡದ ಸ್ಕೂಲಿಗೆ ಮೇಷ್ಟ್ರಮ್ಮ ಆದಳು, ನಾನು ಅಪ್ಪನ ಹರಿಗೋಲಿನ ಹುಟ್ಟು ಹಿಡಿದೆ. ಎರಡು ವರ್ಷದಿಂದ ಅವಳನ್ನ ಹೇಮಾವತಿ ದಾಟಿಸೋನು ನಾನೇ. ದಿನಾ ಹರಿಗೋಲು ಕಟ್ಟೋ ಕಡವಿನ ಮೆಟ್ಟಲ ಮೇಲೆ ನಿಂತು, ಇಡೀ ಹೊಳೆನರಸೀಪುರಕ್ಕೆ ಕೇಳೋ ಹಂಗೆ "ಲೋ ಚಲುವಯ್ಯಾ, ಬಾರ್ಲಾ ಬೇಗ!" ಅಂತ ಕೂಗೋಳು. ಆ ಒಂದು ಕೂಗಿಗೆ ನಾನು ಕೋಳಿ ಕೂಗೋ ಹೊತ್ತಿಂದ ಕಾಯ್ತಿದ್ದೆ, ಸುಳ್ಳು ಯಾಕೆ ಹೇಳ್ಲಿ.

ಕಾರಣ ನಂಗೆ ಗೊತ್ತು ಅಂದ್ಕೊಂಡಿದ್ದೆ. ಅವಳಪ್ಪ ಪರಮಶಿವಯ್ಯನವರು ಪೇಟೇಲಿ ಜವಳಿ ಅಂಗಡಿ ಇಟ್ಟೋರು. ಚನ್ನರಾಯಪಟ್ಟಣದ ಕೊಬ್ಬರಿ ಮಂಡಿ ಗಂಗಾಧರಯ್ಯನ ಮಗನಿಗೆ ಮಗಳನ್ನ ಕೊಡೋದು ಅಂತ ಮಾತಾಗಿತ್ತು. ನಾಳೆ ಸೋಮವಾರ ವೀಳ್ಯಶಾಸ್ತ್ರ. ಮಂಡಿ ಸಾಹುಕಾರರ ಸೊಸೆ ಆಗೋಳು ಬೆಸ್ತರ ಹುಡುಗನ ಹೆಸರು ಯಾಕೆ ಎತ್ತುತ್ತಾಳೆ?

ಹಂಗಾದ್ರೆ ಇವತ್ತು ಯಾಕೆ ಬಂದಳು ಅಂತೀರಾ? ಮೀನು ಹಿಡಿಯೋಕೆ! ಲಿಂಗ ಕಟ್ಟಿದ ಮನೆ ಹೆಣ್ಣುಮಗಳು, ಹಾಡಹಗಲಲ್ಲಿ, ಬಟ್ಟೆ ಒಗೆಯೋ ಹೆಂಗಸರೆಲ್ಲ ಬಾಯಿ ಬಿಟ್ಕೊಂಡು ನೋಡ್ತಿರುವಾಗ, ಸೆರಗು ಸೊಂಟಕ್ಕೆ ಸಿಕ್ಕಿಸಿ ನನ್ನ ಹರಿಗೋಲು ಹತ್ತಿದಳು.

ನನ್ನ ಚಿಕ್ಕಪ್ಪನ ಮಗ ಚಂದ್ರಯ್ಯ, ಮಂಗಳೂರು ಕಡಲಿಗೆ ದುಡಿಯೋಕೆ ಹೋದೋನು, ಒಂದು ಹೊಸ ಥರದ ಗಾಳ ತಂದುಕೊಟ್ಟಿದ್ದ. ಹುಳ ಬೇಡ, ಹಿಟ್ಟಿನುಂಡೆ ಬೇಡ. ಸೀಸ ಕರಗಿಸಿ ಹೊಯ್ದ ಬೆರಳುದ್ದದ ಮೀನು, ಬಾಲದಲ್ಲಿ ಕೊಕ್ಕೆ. ಆಳಕ್ಕೆ ಬಿಟ್ಟು, ದಾರ ಸೆಳೆದು ಸೆಳೆದು ಸಡಿಲ ಮಾಡಿದರೆ ನೀರೊಳಗೆ ಕುಣಿಯುತ್ತೆ. ಜೀವ ಇರೋ ಮೀನು ಅಂತ ದೊಡ್ಡದು ಬಂದು ಬಾಯಿ ಹಾಕುತ್ತೆ. ಇದನ್ನ ಕೇಳಿದಾಗಿಂದ ಅವಳದು ಒಂದೇ ಹಟ, ನಂಗೂ ಕಲಿಸ್ಬೇಕು ಅಂತ.

ನಡುಹೊಳೆಯ ಮಡುವಿನ ಮೇಲೆ ಕಲ್ಲು ಇಳಿಬಿಟ್ಟು ಹರಿಗೋಲು ನಿಲ್ಲಿಸಿದೆ.

"ಇಂಗೆ ಸೆಳೀಬೇಕು, ಆಮ್ಯಾಕೆ ಬುಡಬೇಕು. ಹುಡುಗ್ರ ಕಿವಿ ಇಂಡಿದಂಗಲ್ಲ."

"ನಾನು ಯಾರ ಕಿವೀನೂ ಹಿಂಡಲ್ಲ."

"ಎರಡ್ನೇ ಕ್ಲಾಸಲ್ಲಿ ನಂದು ಇಂಡಿರ್ನಿಲ್ವಾ?"

"ಅದು ಹಿಂಡಬೇಕಾದ ಕಿವಿ."

ತುಟಿ ಬಿಗಿಹಿಡಿದರೂ ನಗು ಕೆನ್ನೇಲಿ ಕಾಣ್ತಿತ್ತು. ಓರೆಗಣ್ಣಲ್ಲಿ ನನ್ನ ನೋಡಿದಳು, ನಾನು ನೋಡಿದ ತಕ್ಷಣ ದಾರ ನೋಡಿದಳು. ನಂಗೆ ತಡೆಯೋಕಾಗಲಿಲ್ಲ.

"ಚನ್ನರಾಯಪಟ್ಟಣದೋರು ಆಗಾಕೆ ಇನ್ನೂ ಒಂದ್ ದಿನ ಐತಲ್ಲ. ಈಗ್ಲೇ ನನ್ ಎಸ್ರು ಮರ್ತೋಯ್ತಾ?"

"ಮರೆತಿಲ್ಲ."

"ಮತ್ತೆ ಕರಿ."

"ಆಗಲ್ಲ."

"ಯಾಕೆ, ನಾಚ್ಕೆನಾ?"

"ಹ್ಞೂಂ. ನಾಚ್ಕೆ."

ಮೈಯೆಲ್ಲ ಉರಿದುಹೋಯ್ತು. ಬೆಸ್ತರೋನ ಹೆಸರಂದ್ರೆ ಇವಳಿಗೂ ನಾಚಿಕೆ ಆಯ್ತಲ್ಲ ಅಂತ. "ಅಂಗಾರೆ ದಾರ ಸುತ್ತು, ದಡಕ್ಕೆ ಬುಡ್ತೀನಿ. ನಾಳೀಕೆ ವೀಳ್ಯ ತಗಂಡು ಸುಖವಾಗಿರು" ಅಂದೆ.

"ಕೆಲವರಿಗೆ ಸಿಟ್ಟು ಮೂಗಿನ ತುದೀಲೇ ಇರುತ್ತೆ" ಅಂತ ಅವಳು ಹೊಳೆಗೆ ಹೇಳಿದಳು.

ಆಗಲೇ ದಾರ ಜಗ್ಗಿತು. ಜಗ್ಗಿತು ಅಂದ್ರೆ ಹಂಗಿಂಗಲ್ಲ, ಹರಿಗೋಲೇ ಗಿರಗಿರನೆ ತಿರುಗಿಬಿಟ್ಟಿತು. ಭಾರಿ ಬಾಳೆಮೀನೇ ಇರಬೇಕು. ದಾರ ಅವಳ ಅಂಗೈ ಕೊಯ್ಯುತ್ತಿತ್ತು, ಬಿಡಲೊಲ್ಲಳು. ಅಂಚಿಗೆ ವಾಲಿಕೊಂಡು ಕಿರುಚಿದಳು:

"ರೀ! ಹಿಡ್ಕೊಳ್ರೀ! ಬನ್ರೀ ಇಲ್ಲಿ!"

ನಾನು ಹಿಡಿಯಲಿಲ್ಲ. ಎಲ್ಲಿಂದ ಹಿಡೀಲಿ? ನಿನ್ನೆ ತನಕ ಲೋ ಅಂದ ಹೆಣ್ಣು ಇವತ್ತು ಹೆಸರು ಬಿಟ್ಟು ರೀ ಅಂದರೆ ನಮ್ಮ ಕಡೆ ಅದಕ್ಕೆ ಒಂದೇ ಅರ್ಥ. ಅವಳಮ್ಮ ಪರಮಶಿವಯ್ಯನವರನ್ನ ಕರೆಯೋದೂ ಹಂಗೇ. ನಾನು ಹಂಗೇ ಕಣ್ಣು ಬಿಟ್ಕೊಂಡು ಕೂತಿರುವಾಗ ದಾರ ಪಟ್ಟಂತ ಕಿತ್ತು, ಸೀಸದ ಮೀನಿನ ಸಮೇತ ಹೋಯ್ತು.

"ದಡ್ಡರು ಕಣ್ರೀ ನೀವು" ಅಂದಳು. ಅಂಗೈಯಿಂದ ರಕ್ತ ಬರ್ತಿತ್ತು, ಕಣ್ಣಿಂದ ನೀರು. "ಗಂಡನ ಹೆಸರು ಹೇಳಬಾರದು ಅಂತಾರೆ. ನಿನ್ನೆ ಅಪ್ಪನ ಹತ್ರ ಚನ್ನರಾಯಪಟ್ಟಣ ಒಲ್ಲೆ ಅಂದೆ, ಅವರು ಕಿವಿಗೇ ಹಾಕ್ಕೊಳ್ಳಲಿಲ್ಲ. ಇವತ್ತಿಂದ ಹೆಸರು ಹೇಳಲ್ಲ ಅಂತ ಮನಸ್ಸು ಮಾಡ್ದೆ. ನೀವು ಬೇಡ ಅಂದ್ರೆ ಈಗಲೇ ಹೇಳಿಬಿಡಿ. ಹೆಸರು ಹಿಡಿದೇ ಕರೀತೀನಿ, ನಾಳೆ ವೀಳ್ಯಾನೂ ತಗೋತೀನಿ."

"ಯೋಚ್ನೆ ಮಾಡಿದ್ದೀಯಾ? ನಿನ್ನ ಮನೆಗೆ ಸೇರಿಸಾಕಿಲ್ಲ. ನಮ್ ಕಡವು ಕಿತ್ಕತ್ತಾರೆ. ಮೀನಿನ ವಾಸ್ನೆ ನಿಂಗೆ ಆಗ್ತದಾ?"

"ಆ ವಾಸನೆ ಎರಡು ವರ್ಷದಿಂದ ಒಗ್ಗಿದೆ. ಗಾಳ ಹಾಕ್ತೀನಿ, ಬಾಯಿಗೆ ಹಾಕಲ್ಲ. ತಿನ್ನು ಅಂತ ಮಾತ್ರ ಹೇಳಬೇಡಿ."

ನನ್ನ ಟವಲು ಹರಿದು ಅವಳ ಅಂಗೈಗೆ ಸುತ್ತಿದೆ. ಬೇಡ ಅನ್ನಲಿಲ್ಲ. ಬೇಕು ಅನ್ನೋಕೂ ಬಾಯಿ ಬರಲಿಲ್ಲ. ಎರಡು ವರ್ಷ ನುಂಗಿಕೊಂಡಿದ್ದ ಮಾತು ಒಂದು ಗಳಿಗೇಲಿ ಬರುತ್ತಾ? ಹೆದರಿದ್ದೆ ಕಣ್ರಪ್ಪಾ, ಹೆದರಿದ್ದೆ. ಅವಳು ಮತ್ತೆ ಕೇಳಲಿಲ್ಲ. ನಾನು ಕಲ್ಲು ಎತ್ತಿ ದಡದ ಕಡೆ ಹುಟ್ಟು ಹಾಕಿದೆ.

ಕಡವಿನ ಮೆಟ್ಟಲ ತುಂಬ ಜನ. ಮುಂದೆ ಪರಮಶಿವಯ್ಯನವರು, ಕರೀ ಕೋಟು, ಕೈಯಲ್ಲಿ ಛತ್ರಿ. ನನ್ನ ಕಡೆ ತಿರುಗಿಯೂ ನೋಡಲಿಲ್ಲ.

"ಯಾರ ಜೊತೆ ಹೋಗಿದ್ದೆ? ಬಾಯಿಬಿಟ್ಟು ಹೆಸರು ಹೇಳು, ನಾಲ್ಕು ಜನ ಕೇಳಲಿ. ಇವತ್ತೇ ಅವನ ಕಡವು ಬಿಡಿಸ್ತೀನಿ."

ಅವಳು ನೀರಿಗಿಳಿದು ನೇರ ನಿಂತಳು.

"ಹೆಸರು ಹೇಳೋ ಹಂಗಿಲ್ಲ ಅಪ್ಪಾ. ಅಮ್ಮ ಯಾವತ್ತಾದ್ರೂ ನಿಮ್ಮ ಹೆಸರು ಹೇಳಿದ್ದಾರಾ?"

ಬಟ್ಟೆ ಒಗೆಯೋ ಸದ್ದೇ ನಿಂತುಹೋಯ್ತು. ಯಾರೋ ಹೆಂಗಸು "ಅಯ್ಯೋ ಶಿವನೇ!" ಅಂತ ಬಾಯಿ ಮುಚ್ಕೊಂಡಳು. ಪರಮಶಿವಯ್ಯನವರ ಮುಖ ಕಪ್ಪಿಟ್ಟಿತು. "ಹೇಳು ಅಂದ್ನಲ್ಲ!" ಅಂತ ಗುಡುಗಿದರು.

ಅವಳು ತಲೆ ತಗ್ಗಿಸಲಿಲ್ಲ. ಒಂದೇ ಸಲ ತಿರುಗಿ ನನ್ನ ನೋಡಿದಳು. ಅಷ್ಟು ದಿಟ್ಟ ಹೆಣ್ಣಿನ ಕಣ್ಣಲ್ಲಿ ಹೆದರಿಕೆ ಕಂಡದ್ದು ಅದೇ ಮೊದಲು. ಅಪ್ಪನ ಹೆದರಿಕೆ ಅಲ್ಲ, ನಾನು ಸುಮ್ಮನಿದ್ದುಬಿಟ್ಟರೆ ಅನ್ನೋ ಹೆದರಿಕೆ.

ಹುಟ್ಟು ಎಸೆದು ಮೊಣಕಾಲುದ್ದ ನೀರಿಗೆ ಧುಮುಕಿದೆ. ಹೋಗಿ ಅವಳ ಪಕ್ಕ ನಿಂತು, ಟವಲು ಸುತ್ತಿದ ಕೈ ಹಿಡ್ಕೊಂಡೆ.

"ಅವಳು ಯೋಳಂಗಿಲ್ಲ ಸಾ, ನಾನ್ ಯೋಳ್ತೀನಿ. ಚಲುವಯ್ಯ. ಬೆಸ್ತರ ಚನ್ನಪ್ಪನ ಮಗ. ನೀಲಾಂಬಿಕೆ ಗಂಡ."

ಯಾರೂ ಉಸಿರೆತ್ತಲಿಲ್ಲ. ಕೇಳಿಸಲಿಲ್ಲವೇನೋ ಅಂತ, ಆಚೆ ದಡಕ್ಕೂ ಮುಟ್ಟೋ ಹಂಗೆ ಇನ್ನೊಂದು ಸಲ ಕೂಗಿ ಹೇಳಿದೆ.