ಗಟ್ಟಿಮೇಳ ಬ್ಯಾಡ್ರಿ

"ಭೋ!"

ಹಿಂದಿನಿಂದ ಬಂದು ಕೂಗಿದವಳು ಶಿವಲೀಲಾ. ರಾಯದುರ್ಗದ ಜೀನ್ಸ್ ಹೊಲಿಯುವ ಘಟಕಕ್ಕೆ ಅವಳು ಸೇರಿ ಮೂರು ತಿಂಗಳಾದರೂ ಕಟಿಂಗ್ ಮಾಸ್ಟರ್ ಗಿರೀಶ ಅವಳತ್ತ ತಲೆಯೆತ್ತಿ ನೋಡಿರಲಿಲ್ಲ. ಮಾತಾಡಿಸಲು ಅವಳಿಗೆ ಹೊಳೆದದ್ದು ಈ ಹಾಳು ಉಪಾಯ!

ಗಿರೀಶ ಕೊರಡಿನಂತೆ ಸೆಟೆದು, ಕೈಯನ್ನೂ ಊರದೆ, ನೇರ ಮುಂದಕ್ಕೆ ಬಿದ್ದ. ಗದ್ದ ಮೇಜಿನ ಅಂಚಿಗೆ ಬಡಿಯಿತು.

"ಏನ್ ಆ್ಯಕ್ಟಿಂಗ್ ರೀ ಇವರ್ದು!" ಶಿವಲೀಲಾ ನಕ್ಕಳು. ರಕ್ತ ಕಾಣುವವರೆಗೂ ನಕ್ಕಳು.

ಮರುದಿನ ಅವನು ಬರಲಿಲ್ಲ.

"ಅದು ಹುಟ್ಟಿನಿಂದ ಬಂದದ್ದವ್ವಾ," ಎಂದರು ಪಕ್ಕದ ಮಿಷಿನ್ನಿನ ಅನ್ನದಾನಮ್ಮ. "ಅವರವ್ವಗೂ ಐತಿ. ತಟ್ಟನೆ ಸಪ್ಪಳಾದ್ರ ಮೈ ಕಟ್ಟಿಗಿ ಆಗ್ತೈತಿ. ಎಚ್ಚರ ಇರ್ತೈತಿ. ನೀ ನಕ್ಕಿದ್ದೂ ಕೇಳ್ಸಿರ್ತೈತಿ."

ಅಯ್ಯೋ... ನಾನ್ಯಾಕ ನಕ್ಕೆ! ಹದಿನೈದು ದಿನವಾದರೂ ಅವನು ಕೆಲಸಕ್ಕೆ ಮರಳಲಿಲ್ಲ. ಕೊನೆಗೆ ಮಡಕಶಿರಾ ದಾಟಿ, ಅವನ ಊರು ರೊಳ್ಳಕ್ಕೇ ಹೋದಳು.

ಬೇಲಿಯಾಚೆಯೇ ನಿಂತು ಮೆತ್ತಗೆ ಹೇಳಿದಳು: "ನಾನ್ರಿ, ಶಿವಲೀಲಾ. ಈಗ ಒಳಗ ಬರ್ತೀನ್ರಿ..."

ಹಿಪ್ಪುನೇರಳೆ ಸೊಪ್ಪು ಕತ್ತರಿಸುತ್ತಿದ್ದ ಗಿರೀಶ ತಿರುಗಿದ. ಗದ್ದದ ಮೇಲೆ ನಾಲ್ಕು ಹೊಲಿಗೆಯ ಗುರುತು.

"ಯಾಕ್ ಬಂದ್ರಿ? ಇನ್ನೊಂದ್ಸಲ ನಗಕ್ಕಾ?"

"ತಪ್ಪಾತ್ರಿ..." ಅವಳು ಅತ್ತೇಬಿಟ್ಟಳು. "ಸಿಟ್ಟಿದ್ರ ಬೈರಿ. ಕೆಲಸ ಮಾತ್ರ ಬಿಡಬ್ಯಾಡ್ರಿ."

"ಸಿಟ್ಟಿಗಲ್ಲ ಊರಿಗೆ ಬಂದಿದ್ದು, ನಾಚ್ಕೆಗೆ. ಕದ್ದು ನೋಡಿ ಮನಸ್ಸಿಟ್ಟೋಳ ಮುಂದೇನೆ ಬಿದ್ನಲ್ಲ!"

ಶಿವಲೀಲಾ ಒಂದು ಹೆಜ್ಜೆ ಮುಂದೆ ಬಂದಳು. "ಹಂಗಾದ್ರ... ನನ್ನ ಮದುವಿ ಆಗ್ರಿ!"

"ಪಾಪ ಕಳ್ಕೊಳ್ಳಕ್ಕಾ?"

"ಇಲ್ಲಿಗೆ ಬಂದಿದ್ದು ತಪ್ಪಿಗ್ರಿ. ಅವತ್ತು 'ಭೋ' ಅಂದಿದ್ದು ಪ್ರೀತಿಗ್ರಿ!"

ಅವನು ಕೈಯಲ್ಲಿದ್ದ ಸೊಪ್ಪು ಕೆಳಗಿಟ್ಟ. "ತಾಳಿ ಕಟ್ಟೋವಾಗ ಗಟ್ಟಿಮೇಳ ಹೊಡೀತಾರೆ. ಎಲ್ರ ಮುಂದೆ ಬಿದ್ರೆ? ನಾಳೆ ನಮ್ ಮಗೂಗೂ ಇದೇ ಬಂದ್ರೆ?"

"ಗಟ್ಟಿಮೇಳ ಬ್ಯಾಡ್ರಿ. ಮಗೂಗ ಬಂದ್ರ ಮನ್ಯಾಗ ಎಲ್ಲಾರೂ ಮೆಲ್ಲಗ ಮಾತಾಡಿದ್ರಾತು."

ಬಾಗಿಲಲ್ಲಿ ನಿಂತಿದ್ದ ಅವನ ತಾಯಿ ಜುಂಜಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡರು.

ಮದುವೆಯ ದಿನ ಹಿರಿಯರು ಗೊಣಗಿದರು: "ಮೇಳ ಇಲ್ದೆ ಎಂಥ ಮದ್ವೆ!" ಆದರೂ ಡೋಲಿನವನು ಕೋಲು ಕೆಳಗಿಟ್ಟ. ಗಿರೀಶನ ಬೆರಳು ಮೂರನೆಯ ಗಂಟಿಗೆ ಬಂದಾಗ ಶಿವಲೀಲಾ ಪಿಸುಗುಟ್ಟಿದಳು.

"ನಗು ಬರಾಕತ್ತೈತ್ರಿ... ನಗಲಾ?"

ಅವನು ಗಂಟು ಬಿಗಿದ.

"ನಗು, ಲೀಲಾ. ಈ ಸಲ ನಾನೂ ನಗ್ತೀನಿ."