ನಾಲ್ಕನೆಯವಳ ಆಯ್ಕೆ

"ಈ ವರ್ಷ ನಾವು ಹಳಿಯಾಳದ ಕಡೆ ಆಯ್ಕೆಗೆ ಬಂದೇ ಇಲ್ಲವಲ್ಲ, ಮೇಡಂ."

ಆ ಮಾತು ಕೇಳಿ ಮಾರ್ಗರೀಟಾ ಕೂತಲ್ಲಿಂದ ಎದ್ದು ನಿಂತಳು. ಧಾರವಾಡದ ಕ್ರೀಡಾ ಹಾಸ್ಟೆಲಿಗೆ ಆಕೆ ಫೋನ್ ಮಾಡಿದ್ದು ನೀಲಂಗೆ ಹಾಸಿಗೆ ಕಳಿಸಬೇಕೋ ಬೇಡವೋ ಎಂದು ಕೇಳಲು, ಅಷ್ಟೇ. ನೀಲಂ ಪಕ್ಕದ ಮನೆಯ ಹುಡುಗಿ, ಇನ್ನೂ ಹದಿನೈದು. ಅಪ್ಪನಿಲ್ಲ. ತಾಯಿ ಮನೆಗೆಲಸಕ್ಕೆಂದು ಗೋವೆಯಲ್ಲಿದ್ದಾಳೆ. ಮನೆಯಲ್ಲಿ ಕಣ್ಣು ಮಂಜಾದ ಅಜ್ಜಿ ಒಬ್ಬಳೇ. ಹಿಂದಿನ ವಾರ ಶಾಲೆಯ ಮೈದಾನದಲ್ಲಿ ಹುಡುಗಿಯರನ್ನು ಓಡಿಸಿದ 'ಕೋಚ್' ನೀಲಂಳನ್ನು ಆ ಹಾಸ್ಟೆಲಿಗೆ ಆರಿಸಿದ್ದ. ಇವತ್ತು ಬೆಳಿಗ್ಗೆ ಬಸ್ಸು ಹತ್ತಿಸಿಕೊಂಡು ಹೋಗಿದ್ದ.

ಹಾಗಾದರೆ ಎಲ್ಲಿಗೆ?

ಸಿದ್ದಿ ಬುಡಕಟ್ಟಿನವರ ಆ ಕೇರಿಯಲ್ಲಿ ಕೋಚ್ ಎಂದರೆ ಸಣ್ಣ ಮಾತಲ್ಲ. ಇಲ್ಲಿಂದ ಹಾಸ್ಟೆಲಿಗೆ ಹೋಗಿ ಪದಕ ತಂದವರಿದ್ದರು. ಪಂಚಾಯಿತಿ ಸದಸ್ಯೆ ಮಾರ್ಗರೀಟಾ ಕೂಡ ಒಂದು ಕಾಲಕ್ಕೆ ಹಾಗೆ ಹೋಗಿ ಓಡಿದವಳೇ. ಆಯ್ಕೆಯ ದಿನ ಆಕೆ ಸಭೆಗೆಂದು ಕಾರವಾರದಲ್ಲಿದ್ದಳು. ಊರಲ್ಲಿದ್ದವರಿಗೋ, ಬಂದವನ ಗುರುತುಚೀಟಿ ಕೇಳುವುದು ಹೊಳೆಯಲೇ ಇಲ್ಲ. ಹೆಮ್ಮೆ ಎಲ್ಲರ ಕಣ್ಣು ಕಟ್ಟಿತ್ತು.

ಮಾರ್ಗರೀಟಾ ಅಳುತ್ತ ಕೂರುವ ಹೆಂಗಸಲ್ಲ. ಮಕ್ಕಳ ಸಹಾಯವಾಣಿ ೧೦೯೮ಕ್ಕೆ ಫೋನ್ ಮಾಡಿದಳು. ಪಿಎಸ್‌ಐ ಮಾಯಾಗೆ ತಿಳಿಸಿದಳು. ದಾಂಡೇಲಿ, ಜೋಯಿಡಾ, ಮುಂಡಗೋಡ—ಪರಿಚಯವಿದ್ದ ಸ್ವಸಹಾಯ ಸಂಘದ ಹೆಂಗಸರಿಗೆಲ್ಲ ನೀಲಂಳ ಫೋಟೊ ಕಳಿಸಿದಳು. ಆಮೇಲೆ ಮಾಯಾಳ ಜೀಪು ಬಂದದ್ದೇ, ಇಬ್ಬರೂ ವಿಚಾರಣೆಗೆ ಹೊರಟರು.

ಆಯ್ಕೆಯ ದಿನ ಕೋಚ್ ಜೊತೆಗಿದ್ದವರು ಇಬ್ಬರೇ. ಸೀಟಿ ಊದಿದವರು ನಿವೃತ್ತ ಮಾಸ್ತರ ಬಸಲಿಂಗಯ್ಯ. ಗೆಲುವಿನ ಗೆರೆಯಲ್ಲಿ ಹಗ್ಗದ ತುದಿ ಹಿಡಿದು ನಿಂತವನು ಊರವರನ್ನು ದಿನಾ ಪೇಟೆಗೆ ಒಯ್ಯುವ ಟ್ರ್ಯಾಕ್ಸ್ ಗಾಡಿಯ ಚಾಲಕ ಅಜಯ. ಇನ್ನೊಂದು ತುದಿಯನ್ನು ಬೇಲಿಗೂಟಕ್ಕೆ ಕಟ್ಟಿದ್ದರು.

ಮೊದಲು ಮಾಸ್ತರರ ಮನೆ. ಜೀಪು ಕಂಡದ್ದೇ ಅವರು ಗಡಬಡಿಸಿ ಎದ್ದು ನಿಂತರು.

"ಆ ಮನಶ್ಯಾನ್ನ ಊರಿಗೆ ತಂದವ್ರು ಯಾರ್ರಿ, ಮಾಸ್ತರ?" ಮಾರ್ಗರೀಟಾ ಕೇಳಿದಳು.

"ಅಜಯ. ನನ್ನ ಮನಿತನಕ ಅವನಽ ಕರ್ಕೊಂಡ ಬಂದಿದ್ದ."

"ಓಟದಾಗ ಮೊದಲ ಬಂದಾಕಿ ಯಾರು?"

"ಲಕ್ಷ್ಮಿ. ನೀಲಂ ನಾಲ್ಕನೇದಾಕಿ."

"ಮತ್ತ ನಾಲ್ಕನೇದಾಕಿನ್ನ ಯಾಕ ಆರಿಸಿದ್ರಿ ಅಂತ ಕೇಳಲಿಲ್ಲೇನು?"

"ಒಬ್ಬಾಕಿಗರ ಸಿಕ್ತಲ್ಲ ಅಂತ ಸುಮ್ಮನಾದೆ, ತಂಗಿ." ಮಾಸ್ತರರು ತಲೆ ಎತ್ತಲಿಲ್ಲ.

ಅಜಯ ಗಾಡಿ ತೊಳೆಯುತ್ತಿದ್ದ. ಮಾರ್ಗರೀಟಾ ಅದೇ ಪ್ರಶ್ನೆ ಕೇಳಿದರೂ ಕೆಲಸ ನಿಲ್ಲಿಸಲಿಲ್ಲ.

"ನಾ ಯಾಕ ತರ್ಲಿ? ಮಾಸ್ತರ ಗುರ್ತು ಅಂತ ಹೇಳಿ ನನ್ನ ಗಾಡಿ ಹತ್ತಿದ್ದ. ಅವ್ರನ್ನಽ ಕೇಳ್ರಿ."

"ಹೋಗ್ಲಿ. ಓಟದಾಗ ಮೊದಲ ಬಂದಾಕಿ ಯಾರು?"

"ನೀಲಂ! ಅದಕ್ಕಽ ಆರಿಸ್ಯಾರಲ್ರಿ."

ಮಾರ್ಗರೀಟಾ ಬಾಯಿ ತೆರೆಯುವಷ್ಟರಲ್ಲಿ ಫೋನ್ ಬಂತು. ಗೋವೆಯ ದಾರಿಯಲ್ಲಿರುವ ಜೋಯಿಡಾ ತಾಲೂಕಿನ ರಾಮನಗರ ಬಸ್‌ಸ್ಟ್ಯಾಂಡಿನಲ್ಲಿ ಶೇಂಗಾ ಮಾರುವ, ಸಂಘದ ದುರ್ಗವ್ವ.

"ಅಕ್ಕಾರ, ಫೋಟೋದಾಗಿನ ಹುಡುಗಿ ಇಲ್ಲೇ ಗೋವಾ ಬಸ್ಸಿನ್ಯಾಗ ಕುಂತಾಳ. ಎಲ್ಲಿಗೆ ಹೊಂಟಿ ಅಂದ್ರ, ಓಡಾಕ ಅಂತಾಳ. ಕೂಡ ಬಂದವನ ಹೆಸರು ಕೇಳಿದ್ರ ಬರೇ 'ಸರ್' ಅಂತಾಳ. ಹೆಸರಽ ಗೊತ್ತಿಲ್ಲ ಕೂಸಿಗೆ!"

"ಬಸ್ ಬಿಡಬ್ಯಾಡ್ರಿ, ದುರ್ಗವ್ವ!"

"ಹೆಂಗ ಬಿಡ್ಲಿ? ಶೇಂಗಾ ಬುಟ್ಟಿ ಬಸ್ಸಿನ ಮುಂದ ಇಟ್ಟು ನಾನೂ ಕುಂತೇನಿ. ಕಂಡಕ್ಟರ್ ಆ ಸರ್‌ನ ಕೊರಳಪಟ್ಟಿ ಹಿಡಿದಾನ. ನಿಮ್ಮ ಪೊಲೀಸರನ್ನ ಲಗೂನ ಕಳಸ್ರಿ."

ಸಂಜೆ ಠಾಣೆಯಲ್ಲಿ ಅಜಯನೂ ಸೇರಿ ಎಲ್ಲರೂ ಕೂಡಿದರು. ಗೋಡೆಗಂಟಿದ ಬೆಂಚಿನ ಮೇಲೆ ನೀಲಂ ಚೀಲ ಅಪ್ಪಿಕೊಂಡು ಕೂತಿದ್ದಳು. ನಕಲಿ ಕೋಚ್ ಇನ್ನೂ ಯಾರ ಹೆಸರನ್ನೂ ಬಾಯಿ ಬಿಟ್ಟಿರಲಿಲ್ಲ.

"ಊರಿನವರೊಬ್ಬರು ಇವನ ಕೂಡ ಅದಾರ," ಎಂದಳು ಮಾಯಾ. "ನನಗ ಮಾಸ್ತರ ಮ್ಯಾಲೆ ಸಂಶಯ."

"ಅಲ್ಲ," ಎಂದಳು ಮಾರ್ಗರೀಟಾ. "ಇವ್ರು ಓಟ ನೋಡಿ ಆರಿಸಿಲ್ಲ, ಮನಿ ನೋಡಿ ಆರಿಸ್ಯಾರ. ಗೆದ್ದ ಲಕ್ಷ್ಮಿಯ ಅಪ್ಪ ಫಾರೆಸ್ಟ್ ಗಾರ್ಡ್. ಮಗಳ ಫೋನ್ ಬರಲಿಲ್ಲಂದ್ರ ಮರುದಿನಽ ಹಾಸ್ಟೆಲ್ ಬಾಗಲಾಗ ನಿಲ್ಲಾಂವ. ನೀಲಂ ಹೋದ್ರ ಹುಡ್ಕೊಂಡ ಬರೋರು ಯಾರು? ಹೊರಗಿನವಗ ಇದನ್ನ ಯಾರೋ ಹೇಳ್ಯಾರ."

"ಮಾಸ್ತರರಿಗೂ ಗೊತ್ತಿತ್ತಲ್ಲ?"

"ಗೊತ್ತಿತ್ತು. ಆದ್ರ ಮಾಸ್ತರ ಓಟ ನೋಡಿದ್ರು, ಲಕ್ಷ್ಮಿ ಅಂದ್ರು. ಅಜಯ ಹಗ್ಗ ಹಿಡಿದು ನಿಂತಿದ್ದ. ಗೆದ್ದಾಕಿಯ ಎದಿ ತಾಗಿದ್ದು ಅವನ ಕೈಯಾಗಿನ ಹಗ್ಗಕ್ಕ. ಅಂಥಾವ ನೀಲಂ ಅಂದ! ಓಟ ನೋಡೂ ಗರಜಽ ಅವಗ ಇರಲಿಲ್ಲ, ಮಾಯಾ. ಯಾರನ್ನ ಒಯ್ಯೂದು ಅಂತ ಮೊದಲಽ ಗೊತ್ತಿತ್ತು. ದಿನಾ ಗಾಡಿ ಹೊಡಕೋತ ನಮ್ಮ ಮನಿಮಾತು ಕೇಳಿ, ಅದನ್ನಽ ಮಾರಿದವ ಇಂವ."

ಅಜಯ ಬಾಗಿಲ ಕಡೆ ನೋಡಿದ. ಅಲ್ಲಿ ಪೇದೆ ನಿಂತಿದ್ದ. ನಕಲಿ ಕೋಚ್ ಅಜಯನನ್ನೇ ದುರುಗುಟ್ಟಿ ನೋಡಿದ ರೀತಿಯಲ್ಲಿ ಮಾಯಾಗೆ ಬೇಕಾದ ಉತ್ತರ ಸಿಕ್ಕಿತು.

ಮಾರ್ಗರೀಟಾ ನಿಟ್ಟುಸಿರು ಬಿಟ್ಟು ತಿರುಗಿದಳು. ನೀಲಂ ಬೆಂಚಿನಿಂದ ಎದ್ದು ಬಂದು ಬೆನ್ನ ಹಿಂದೆಯೇ ನಿಂತಿದ್ದಳು. ಎಲ್ಲ ಕೇಳಿಸಿಕೊಂಡಿದ್ದಳು.

"ಹಂಗಾದ್ರ, ಅತ್ತಿ," ಎಂದಳು ಹುಡುಗಿ ಮೆಲ್ಲಗೆ, "ನಾ ಛಂದ ಓಡಿದೆ ಅಂತ ಆರಿಸಿರಲಿಲ್ಲೇನು?"

ಈ ಕೂಸಿಗೆ ಸುಳ್ಳು ಹೇಳಿದವರ ಸಾಲಿಗೆ ತಾನೂ ಸೇರುವುದು ಮಾರ್ಗರೀಟಾಗೆ ಬೇಡವಾಗಿತ್ತು.

"ಇಲ್ಲ, ನನ್ನವ್ವ," ಎಂದು ಅವಳನ್ನು ಎಳೆದು ಅಪ್ಪಿಕೊಂಡಳು.

ರಾಮನಗರದಿಂದ ಇಲ್ಲಿಯತನಕ ಒಂದು ಹನಿ ಕಣ್ಣೀರು ಹಾಕದ ನೀಲಂ ಆಗ ಬಿಕ್ಕಿ ಬಿಕ್ಕಿ ಅತ್ತಳು.