ಮೂರನೆಯ ಸುರುಳಿ

ಸ್ಪೀಕರಿನಿಂದ ಇಬ್ಬರ ಕೈಯ ಗಿಟಾರ್ ಕೇಳಿಸುತ್ತಿತ್ತು. ತಂತಿಯ ಮೇಲೆ ಇದ್ದದ್ದು ಮಾತ್ರ ಒಬ್ಬನ ಕೈ, ಹುಸೇನ್ ಹೆಬಸೂರನದು. ಇನ್ನೊಂದು ಅವನ ಗುರು ಸಮುವೇಲ ಮಾಸ್ತರರದು. ಅವರನ್ನು ಹುಬ್ಬಳ್ಳಿಯ ಮಣ್ಣಿಗೆ ಇಟ್ಟು ಹತ್ತು ವರ್ಷದ ಮೇಲಾಗಿತ್ತು.

ಮಾಸ್ತರರ ಹೆಂಡತಿ ರೂತಮ್ಮ ಕುರ್ಚಿಯ ತುದಿಗೆ ಸರಿದು ಕೂತಿದ್ದರು. ಸ್ವರವನ್ನು ಒಂಚೂರು ಕೆಳಗಿನಿಂದ ಎಳೆದು ತರುವ ಚಾಳಿ ಮಾಸ್ತರರಿಗಿತ್ತು. ಆ ಎಳೆತ ಕೇಳಿದ್ದೇ ಆಕೆ ಸೆರಗಿನಿಂದ ಬಾಯಿ ಮುಚ್ಚಿಕೊಂಡರು. ಹುಸೇನನೂ ಹಾಗೆಯೇ ಎಳೆಯುತ್ತಿದ್ದ. ಕೇಳಿದ್ದು ಅವರ ಎಳೆತವೋ ತನ್ನದೋ ಎಂಬುದು ಅವನಿಗೇ ತಿಳಿಯಲಿಲ್ಲ.

“ಸತ್ತವರನ್ನ ಎಬ್ಬಸೂದು ನಿಮ್ಮ ಸಾಯನ್ಸಿಗೆ ಇಷ್ಟು ಹಗುರ ಆತೇನವ್ವಾ?” ಎಂದರು ರೂತಮ್ಮ.

“ಎಬ್ಬಸಿಲ್ರೀ ಅಮ್ಮಾರ. ಅವರು ಬಿಟ್ಟು ಹೋದ ಗುರುತನ್ನ ಓದಾಕತ್ತೀವಿ, ಅಷ್ಟೇ,” ಎಂದರು ಡಾ. ಶೈಲಜಾ ಹಂಜಿ. ಧಾರವಾಡದ ಈ ಪ್ರಯೋಗಾಲಯ ಅವರದೇ.

ಎಲೆಕ್ಟ್ರಿಕ್ ಗಿಟಾರಿನ ಹೊಟ್ಟೆ ಟೊಳ್ಳಲ್ಲ, ಗಟ್ಟಿ ಮರ. ಅದಕ್ಕೆ ದನಿ ಕೊಡುವುದು ಪಿಕಪ್. ಪಿಕಪ್ ಎಂದರೆ ಆಯಸ್ಕಾಂತಕ್ಕೆ ಕೂದಲಿನಷ್ಟು ತೆಳುವಾದ ತಾಮ್ರದ ತಂತಿ ಸುತ್ತಿದ ಸುರುಳಿ. ಉಕ್ಕಿನ ತಂತಿ ಅದರ ಮೇಲೆ ನಡುಗಿದರೆ ಸುರುಳಿಯಲ್ಲಿ ವಿದ್ಯುತ್ ಮೂಡುತ್ತದೆ, ಸ್ಪೀಕರಿನಲ್ಲಿ ಅದು ಸ್ವರವಾಗುತ್ತದೆ. ಗಿಟಾರಿನ ಕುತ್ತಿಗೆಯ ಬದಿಯ ಪಿಕಪ್ಪಿನದು ದುಂಡು ದನಿ, ತಂತಿ ಬಿಗಿದ ತುದಿಯದು ಚೂಪು ದನಿ. ಆರ್ಕೆಸ್ಟ್ರಾದವನಿಗೆ ಎರಡೂ ಬೇಕು. ಒಂದೇ ಸಂಜೆ ಗಣಪತಿಯ ಹಾಡು, ಭಾವಗೀತೆ, ಮದುಮಕ್ಕಳನ್ನು ಕುಣಿಸುವ ಸಿನಿಮಾ ಹಾಡು, ಎಲ್ಲವೂ ಆ ಒಂದೇ ಗಿಟಾರಿನಿಂದ ಹೊರಡಬೇಕು. ಅದಕ್ಕೇ ಪಿಕಪ್ಪುಗಳನ್ನು ಆರಿಸಿಕೊಳ್ಳಲು, ಬೆರೆಸಿಕೊಳ್ಳಲು ಒಂದು ಸ್ವಿಚ್ಚು. ಬಾರಿಸುತ್ತಲೇ ಕಿರುಬೆರಳಿನಿಂದ ಅದನ್ನು ತಳ್ಳುವುದು ಆ ಕಸುಬಿನವರ ಕೈಗೆ ಹತ್ತಿದ ಅಭ್ಯಾಸ.

ಶೈಲಜಾ ಕಂಡುಹಿಡಿದದ್ದು ಮೂರನೆಯ ಸುರುಳಿ. ಹಳೆಯ ಕ್ಯಾಸೆಟ್ಟಿನ ಪಟ್ಟಿ ಹಾಡನ್ನು ಹಿಡಿದಿಟ್ಟುಕೊಳ್ಳುತ್ತಿದ್ದ ಹಾಗೆ, ವರ್ಷಗಟ್ಟಲೆ ತಂತಿ ನಡುಗಿದ ಗುರುತು ಪಿಕಪ್ಪಿನ ಆಯಸ್ಕಾಂತದಲ್ಲೂ ಉಳಿಯುತ್ತದೆ. ಅದೇ ಹಾಡನ್ನು ಅದೇ ಗಿಟಾರಿನಲ್ಲಿ ಯಾರಾದರೂ ಮತ್ತೆ ನುಡಿಸಿದರೆ ಈ ಸುರುಳಿ ಆ ಗುರುತನ್ನು ಓದಿ, ನುಡಿಸುವವನ ವೇಗಕ್ಕೆ ಹೊಂದಿಸಿ, ಜೊತೆಗೆ ಸೇರಿಸುತ್ತದೆ.

ಆ ದಿನದ ಪರೀಕ್ಷೆಗೆ ಕಾರಣ ರೂತಮ್ಮನವರೇ. ಗಿಟಾರ್ ಅವರ ಮನೆಯ ಸ್ವತ್ತು. ಹತ್ತು ವರ್ಷದಿಂದ ಹುಸೇನ ಅದನ್ನು ಕೇಳಿ ತಂದು ಬಾರಿಸಿ, ಒರೆಸಿ ಮರಳಿಸುತ್ತಿದ್ದ. ಪರೀಕ್ಷೆಗೆ ಆರಿಸಿದ ಹಾಡನ್ನು ಮಾತ್ರ, ಅದು ಮಾಸ್ತರರದೆಂದು, ಆ ಗಿಟಾರಿನಲ್ಲಿ ಅವನು ಎಂದೂ ನುಡಿಸಿರಲಿಲ್ಲ. ಈಗ ಒಂದು ವಸ್ತುಸಂಗ್ರಹಾಲಯದವರು ಗಾಜಿನ ಪೆಟ್ಟಿಗೆಯಲ್ಲಿಡಲು ಕೇಳಿದ್ದರು. ಮಾಸ್ತರರ ಕೈ ಹುಸೇನನಲ್ಲಿ ಇಳಿದಿದ್ದರೆ ಗಿಟಾರ್ ಅವನಿಗೆ, ಇಲ್ಲವಾದರೆ ಗಾಜಿನ ಪೆಟ್ಟಿಗೆಗೆ ಎಂದು ರೂತಮ್ಮ ಖಡಾಖಂಡಿತ ಹೇಳಿಬಿಟ್ಟಿದ್ದರು. ಬೇರೆ ಗಿಟಾರ್ ಹಿಡಿದರೆ ತಾನು ಯಾರೋ ಆಗುತ್ತೇನೆಂಬ ಹೆದರಿಕೆ ಹುಸೇನನಿಗೆ.

ಹಾಡು ನಡುವಿನ ಒಂಟಿ ಗಿಟಾರಿನ ಭಾಗಕ್ಕೆ ಬಂತು. ಅಲ್ಲಿ ಚೂಪು ದನಿ ಬೇಕು. ಹುಸೇನನ ಕಿರುಬೆರಳು ತನ್ನಷ್ಟಕ್ಕೆ ಸ್ವಿಚ್ಚನ್ನು ಕೊನೆಯವರೆಗೆ ತಳ್ಳಿತು. ಅಲ್ಲಿ ಈಗ ಚೂಪು ದನಿ ಇಲ್ಲ, ಆ ತುದಿಗೆ ಹೋಗಬೇಡ ಎಂದು ಶೈಲಜಾ ಮೊದಲೇ ಹೇಳಿದ್ದರು. ತಲೆ ಕೇಳಿಸಿಕೊಂಡಿತ್ತು, ಬೆರಳಿಗೆ ಗೊತ್ತಿರಲಿಲ್ಲ.

ಸ್ಪೀಕರ್ ಸತ್ತಿತು.

ಹುಸೇನ ನಿಲ್ಲಿಸಲಿಲ್ಲ. ವೇದಿಕೆಯಲ್ಲಿ ಏನೇ ಕೆಟ್ಟರೂ ಕೈ ನಿಲ್ಲಿಸಬಾರದೆಂದು ಮಾಸ್ತರರು ಹೊಡೆದು ಕಲಿಸಿದ್ದರು. ಬೆರಳು ಓಡುತ್ತಿತ್ತು, ಹತ್ತಿರದಿಂದ ತಂತಿಯ ಬಡಕಲು ಟಿಣಿಟಿಣಿ ಮಾತ್ರ ಕೇಳುತ್ತಿತ್ತು. ಸ್ಪೀಕರಿನಲ್ಲಿ ಸದಾ ಇರುವ ಗುಂಯ್ ಕೂಡ ಇಲ್ಲ. ಆ ಮೌನದ ನಡುವೆ ಇದ್ದಕ್ಕಿದ್ದಂತೆ ಒಂದೇ ಒಂದು ಸ್ವರದ ಚೂರು ‘ಟಂವ್’ ಎಂದು ಕೇಳಿ ಮತ್ತೆ ಮುಳುಗಿತು. ಹುಸೇನನ ಉಂಗುರ ಬೆರಳು ಒಂದು ಕಡೆ ಜಾರಿತ್ತು.

“ವೈರ್ ಹೋತೇನ್ರೀ ಮೇಡಂ?”

ಶೈಲಜಾ ಸ್ವಿಚ್ಚನ್ನೇ ನೋಡುತ್ತಿದ್ದರು. ವೈರು ಸರಿಯಾಗೇ ಇತ್ತು. ಕೊನೆಯ ನಿಲುಗಡೆಯಲ್ಲಿ ಮೂರನೆಯ ಸುರುಳಿ ತಿರುವುಮುರುವಾಗಿ ಸೇರುತ್ತದೆ ಎಂದು ಅವರು ಬಿಡಿಸಿ ಹೇಳಿದರು. ಅಲ್ಲಿ ಅದು ಹಳೆಯದನ್ನು ಕೂಡಿಸುವುದಿಲ್ಲ, ಕಳೆಯುತ್ತದೆ. ತಕ್ಕಡಿಯ ಎರಡು ತಟ್ಟೆ ಸಮ ಇವೆಯೇ ಎಂದು ನೋಡುವ ಹಾಗೆ, ಯಂತ್ರವನ್ನು ಪರೀಕ್ಷಿಸಲು ಮಾಡಿಟ್ಟುಕೊಂಡದ್ದು. ಮಾಸ್ತರರು ನುಡಿಸಿದಂತೆಯೇ ನುಡಿಸಿದ್ದೆಲ್ಲ ಅಲ್ಲಿ ವಜಾ ಆಗುತ್ತದೆ, ಬೇರೆಯದಷ್ಟೇ ಕೇಳುತ್ತದೆ.

ರೂತಮ್ಮನವರಿಗೆ ಅರ್ಥವಾಗಲು ಹೊತ್ತು ಹಿಡಿಯಲಿಲ್ಲ. ಎದ್ದು ಬಂದು ಹುಸೇನನ ತಲೆಯ ಮೇಲೆ ಕೈಯಿಟ್ಟರು. “ಒಂದು ಕೂದಲೆಳಿ ಬಿಟ್ಟಿಲ್ಲ ನೋಡು ನನ್ನ ಕೂಸು. ಗಿಟಾರ್ ನಿಂದು, ಒಯ್ಯಿ.”

ಬಯಸಿದ್ದು ಕೈಗೆ ಬಂದಿತ್ತು. ಹುಸೇನ ಮಾತ್ರ ಸ್ಪೀಕರಿನ ಕಡೆಗೇ ನೋಡುತ್ತಿದ್ದ.

“ಅಲ್ರೀ ಮೇಡಂ,” ಎಂದ. “ಮೂವತ್ತು ವರ್ಷ ಬಾರಿಸೀನಿ. ಅದರಾಗ ನಾ ಎಲ್ಲಿದ್ದೆ?”

ಶೈಲಜಾ ಸ್ವಿಚ್ಚನ್ನು ಹಿಂದಕ್ಕೆ ತಳ್ಳಿ, ಗಿಟಾರನ್ನು ಸುರುಳಿಯ ಸಮೇತ ಪೆಟ್ಟಿಗೆಯಲ್ಲಿಟ್ಟು ಅವನ ಕೈಗೆ ಕೊಟ್ಟರು.

ಮರುದಿನ ಬೆಳಿಗ್ಗೆ ಚಹಾ ಮುಗಿಸಿ, ಹುಸೇನ ಮನೆಯಲ್ಲಿ ಸ್ವಿಚ್ಚನ್ನು ಬೇಕೆಂದೇ ಆ ತುದಿಗೆ ತಳ್ಳಿ ಕೂತ. ತಪ್ಪೋ ಸರಿಯೋ, ತನ್ನದೆಂಬುದು ಒಂದು ಸ್ವರವಾದರೂ ಇತ್ತಲ್ಲ. ಅದೇ ಜಾಗದಲ್ಲಿ ಬೆರಳನ್ನು ಹಾಗೆಯೇ ಜಾರಿಸಿದ. ಏನೂ ಕೇಳಲಿಲ್ಲ. ಮತ್ತೆ ಜಾರಿಸಿದ, ಇಲ್ಲ. ಫೋನು ಹಚ್ಚಿ ಕೇಳಿದರೆ ಶೈಲಜಾ ಮೆಲ್ಲಗೆ ಹೇಳಿದರು, ಆಯಸ್ಕಾಂತ ಬರೆದುಕೊಳ್ಳುವುದನ್ನು ನಿಲ್ಲಿಸುವುದಿಲ್ಲ. ನಿನ್ನೆಯ ಹುಸೇನನೂ ಈಗ ಹಳಬರ ಸಾಲಿಗೆ ಸೇರಿದ್ದಾನೆ ಎಂದು.

ಮುಂದೆ ಆ ಸುರುಳಿ ಊರೂರಿಗೆ ಹರಡಿತು. ಸಂಗೀತದ ಶಾಲೆಗಳು ಅದನ್ನು ಪರೀಕ್ಷೆಗೆ ಇಟ್ಟುಕೊಂಡವು. ಸಾಲಾಗಿ ಕೂತ ಹುಡುಗಿಯರ ಬೆರಳುಗಳು ಓಡುತ್ತಿದ್ದವು, ಸಭಾಂಗಣ ಮಸಣದಂತೆ ತಣ್ಣಗಿರುತ್ತಿತ್ತು, ಒಂದು ಚೂರೂ ಕೇಳಿಸದಿದ್ದವರಿಗೆ ಪದಕ. ತಾಯಂದಿರು ಆ ಮೌನ ಕೇಳಿ ಹೆಮ್ಮೆಯಿಂದ ಕಣ್ಣೊರೆಸಿಕೊಳ್ಳುತ್ತಿದ್ದರು. ಆಮೇಲೆ ಯಾರೋ ಇಂಥದೇ ಯಂತ್ರವನ್ನು ಮೈಕಿಗೂ ಹೊಂದಿಸಿದರು, ಅದು ಹಿಂದೆ ಯಾರಾದರೂ ಆಡಿದ್ದ ಮಾತನ್ನೆಲ್ಲ ಕಳೆಯುತ್ತಿತ್ತು. ಒಬ್ಬ ಮುಖಂಡರು ಗಂಟೆಗಟ್ಟಲೆ ಭಾಷಣ ಮಾಡಿದರಂತೆ, ಕೇಳಿಸಿದ್ದು ಅವರ ಕೆಮ್ಮು ಮಾತ್ರ. ಜನ ನಕ್ಕರು. ಮನೆಗೆ ಹೋಗಿ ತಮ್ಮ ತಮ್ಮ ಮಾತಿಗೆ ಅದನ್ನು ಹಚ್ಚಿ ನೋಡಿದವರು ನಗಲಿಲ್ಲ.

ಹುಸೇನ ಮದುವೆ ಮುಂಜಿಗಳಿಗೆ ಮಾಸ್ತರರಂತೆಯೇ ಬಾರಿಸಿದ, ಜನಕ್ಕೆ ಅದೇ ಬೇಕಿತ್ತು. ಮುಂಜಾನೆ ಮಾತ್ರ ಒಬ್ಬನೇ ಆ ತುದಿಯ ನಿಲುಗಡೆಗೆ ಕೂರುತ್ತಿದ್ದ. ಎಷ್ಟೋ ದಿನ ಬರೀ ಮೌನ. ಎಂದಾದರೊಮ್ಮೆ ಸ್ಪೀಕರಿನಲ್ಲಿ ಒಂದು ಸ್ವರ ಎದ್ದರೆ ಗಿಟಾರನ್ನು ಕೆಳಗಿಟ್ಟು ಹೆಂಡತಿಯನ್ನು ಕರೆಯುತ್ತಿದ್ದ. ಅವಳು ಬರುವಷ್ಟರಲ್ಲಿ ಅದು ಹಳೆಯದಾಗಿರುತ್ತಿತ್ತು.

ಇದು ಕತೆಯಷ್ಟೇ, ಅಂಥ ಸುರುಳಿಯನ್ನು ನಮ್ಮಲ್ಲಿ ಇನ್ನೂ ಯಾರೂ ಕಂಡುಹಿಡಿದಿಲ್ಲ. ಅದಕ್ಕೇ ಈ ಹೊತ್ತು ನಾವು ಆಡುವುದೆಲ್ಲ ಕೇಳಿಸುತ್ತಿದೆ.